ಮದುವೆ ಚಿತ್ರ: ಯಾವ ಲೆನ್ಸು, ಎಷ್ಟು ದೂರ?

ಗಟ್ಟಿಮೇಳ ಮೊಳಗುತ್ತದೆ. ಕೈಯಲ್ಲಿ ಅಕ್ಷತೆ ಹಿಡಿದು ಕಾದಿದ್ದ ಜನ ಎದ್ದು ನಿಲ್ಲುತ್ತಾರೆ. ತಿಂಗಳುಗಟ್ಟಲೆ ನಡೆದ ಓಡಾಟ, ಸಾಲ ಸೋಲ, ನೆಂಟರಿಷ್ಟರ ದೂರದ ಪ್ರಯಾಣ ಎಲ್ಲವೂ ಈ ಒಂದು ಗಳಿಗೆಗಾಗಿ. ಆದರೆ ಮೊದಲ ಸಾಲಿನಲ್ಲಿ ಕುಳಿತ ಸೋದರತ್ತೆಗೆ ಕಾಣುವುದು ತಾಳಿಯೂ ಅಲ್ಲ, ವಧೂವರರ ಮುಖವೂ ಅಲ್ಲ, ಫೋಟೋಗ್ರಾಫರನ ಬೆನ್ನು. ಅದರ ಪಕ್ಕದಲ್ಲಿ ವಿಡಿಯೋ ತೆಗೆಯುವವನ ಬೆನ್ನು, ಅದರಾಚೆ ದೀಪ ಹಿಡಿದ ಹುಡುಗನ ಬೆನ್ನು. ಅತ್ತೆ ಅಂದಾಜಿನ ಮೇಲೆ ಅಕ್ಷತೆ ಎಸೆಯುತ್ತಾರೆ. ಅದರಲ್ಲಿ ಅರ್ಧ ಆ ಬೆನ್ನುಗಳ ಮೇಲೆಯೇ ಬೀಳುತ್ತದೆ.

ಕನ್ನಡ ನಾಡಿನ ಕಲ್ಯಾಣ ಮಂಟಪಗಳಲ್ಲಿ ಈ ದೃಶ್ಯ ಎಷ್ಟು ಮಾಮೂಲಾಗಿದೆಯೆಂದರೆ ಈಗ ಅದನ್ನು ಯಾರೂ ದೂರುವುದಿಲ್ಲ. ದೂರುವವರು ಕೂಡ ಅದನ್ನು ಫೋಟೋಗ್ರಾಫರನ ದರ್ಪವೆಂದೋ ಸಂಕೋಚವಿಲ್ಲದ ಸ್ವಭಾವವೆಂದೋ ಬಗೆದು ಸುಮ್ಮನಾಗುತ್ತಾರೆ. ನಿಜವಾದ ಕಾರಣ ಬಹುಮಟ್ಟಿಗೆ ಅವನ ಕ್ಯಾಮೆರಾದ ಮುಂದಿರುವ ಗಾಜಿನಲ್ಲಿದೆ. ಕ್ಯಾಮೆರಾಕ್ಕೆ ಯಾವ ಲೆನ್ಸ್ ಹಾಕಿದ್ದಾನೆ ಎಂಬುದು ಅವನು ಎಲ್ಲಿ ನಿಲ್ಲಬೇಕು ಎಂಬುದನ್ನು ಗೊತ್ತುಮಾಡುತ್ತದೆ. ಅವನು ನಿಂತ ಜಾಗ, ಮದುವೆಯನ್ನು ಯಾರು ನೋಡಬೇಕು, ಯಾರು ನೋಡಬಾರದು ಎಂಬುದನ್ನು ಗೊತ್ತುಮಾಡುತ್ತದೆ.

ಇನ್ನೊಂದು ಸಂಗತಿಯೂ ಇದೆ. ಹಲವು ಮನೆಗಳ ನಡುಮನೆಯಲ್ಲಿ ಗಂಧದ ಹಾರ ಹಾಕಿದ ಅಜ್ಜಿಯ ಚಿತ್ರವೊಂದು ಇರುತ್ತದೆ. ಅದನ್ನು ಗಮನಿಸಿ ನೋಡಿದರೆ ಭುಜದ ಪಕ್ಕದಲ್ಲಿ ಯಾರದೋ ಜರಿಯಂಚು, ಯಾರದೋ ತೋಳು ಅರ್ಧಕ್ಕೆ ಕತ್ತರಿಸಿಹೋಗಿರುವುದು ಕಾಣುತ್ತದೆ. ಅಜ್ಜಿ ಬದುಕಿದ್ದಾಗ ಅವಳ ಚಿತ್ರವನ್ನೇ ಬೇರೆಯಾಗಿ ತೆಗೆಸಬೇಕೆಂದು ಯಾರಿಗೂ ತೋಚಿರಲಿಲ್ಲ. ಅವಳು ತೀರಿಕೊಂಡ ಮೇಲೆ ಮೊಮ್ಮಗಳ ಮದುವೆಯ ಗುಂಪು ಚಿತ್ರದಿಂದ ಅವಳೊಬ್ಬಳನ್ನೇ ಬಿಡಿಸಿ ದೊಡ್ಡದು ಮಾಡಿಸಿದ್ದಾರೆ. ಹಾಗಾಗಿ ಮದುವೆಯ ಚಿತ್ರ ವಧೂವರರದ್ದು ಮಾತ್ರವಲ್ಲ. ಸಾಲಿನ ಕೊನೆಯಲ್ಲಿ ನಿಂತವರದ್ದೂ ಹೌದು. ಅವರ ಮುಖ ಸರಿಯಾಗಿ ಉಳಿಯಿತೋ ಇಲ್ಲವೋ ಎಂಬುದೂ ಲೆನ್ಸಿನ ಆಯ್ಕೆಗೆ ಸೇರಿದ ವಿಷಯವೇ.

ಬೆಳಕಿನ ಬರ

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ಛಾಯಾಗ್ರಹಣ ವಿಧಾನ ಬಹಿರಂಗವಾಯಿತು. ಮರುವರ್ಷ, 1840ರ ಫೆಬ್ರವರಿ 10ರಂದು, ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಮದುವೆ ನಡೆಯಿತು. ಆ ಮದುವೆಯ ಛಾಯಾಚಿತ್ರ ಒಂದೂ ಇಲ್ಲ. ಆಗಿನ ಲೆನ್ಸುಗಳು ಒಳಗೆ ಬಿಡುತ್ತಿದ್ದ ಬೆಳಕು ಅತಿ ಕಡಿಮೆ. ಒಂದು ಚಿತ್ರ ಮೂಡಲು ಬಿಸಿಲಿನಲ್ಲೇ ನಿಮಿಷಗಟ್ಟಲೆ ಬೇಕಿತ್ತು. ಕಟ್ಟಡ, ಸೇತುವೆ, ಮರಗಳ ಚಿತ್ರ ತೆಗೆಯಬಹುದಿತ್ತೇ ಹೊರತು ಉಸಿರಾಡುವ ಮನುಷ್ಯರ ಚಿತ್ರ ತೆಗೆಯುವುದು ಕಷ್ಟವಾಗಿತ್ತು.

ಈ ತೊಡಕನ್ನು ಬಿಡಿಸಿದವನು ವಿಯೆನ್ನಾ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್. ಅದುವರೆಗೆ ಲೆನ್ಸ್ ತಯಾರಿಕೆಯೆಂದರೆ ಗಾಜು ಉಜ್ಜುವವರ ಕೈಗುಣ. ಪೆಟ್ಸ್‌ವಾಲ್ ಅದನ್ನು ಲೆಕ್ಕ ಹಾಕಿ ರೂಪಿಸಿದ. 1840ರಲ್ಲಿ ಸಿದ್ಧವಾದ ಅವನ ಭಾವಚಿತ್ರ ಲೆನ್ಸನ್ನು ಫೋಗ್ಟ್‌ಲೆಂಡರ್ ಸಂಸ್ಥೆ ತಯಾರಿಸಿ ಮಾರಿತು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಅದು ಎಫ್ 3.6ರ ಲೆನ್ಸು. ಹಿಂದಿನ ಲೆನ್ಸುಗಳಿಗಿಂತ ಹದಿನೈದು ಇಪ್ಪತ್ತು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಮನುಷ್ಯರ ಮುಖ ಛಾಯಾಚಿತ್ರಕ್ಕೆ ಸುಲಭವಾಗಿ ಒದಗಿದ್ದು ಆಗ.

ಆದರೂ ಅಲುಗಾಡಿದರೆ ಕೆಟ್ಟಿತು. 1858ರ ಜನವರಿ 25ರಂದು ವಿಕ್ಟೋರಿಯಾಳ ಹಿರಿಯ ಮಗಳ ಮದುವೆ ನಡೆದ ದಿನ, ಮದುಮಗಳನ್ನು ತಂದೆ ತಾಯಿಯೊಡನೆ ನಿಲ್ಲಿಸಿ ಒಂದು ಚಿತ್ರ ತೆಗೆದರು. ಆ ಚಿತ್ರ ಇಂದಿಗೂ ಉಳಿದಿದೆ. ಅದರಲ್ಲಿ ರಾಣಿಯ ಮುಖ ಮಸುಕಾಗಿದೆ. ಮಗಳನ್ನು ಕಳಿಸಿಕೊಡುವ ದಿನ ತಾಯಿ ನಡುಗುತ್ತಿದ್ದಳು. ಅರ್ಧ ಜಗತ್ತಿಗೆ ಆಜ್ಞೆ ಮಾಡುವವಳಾದರೂ ಆ ಕೆಲವು ಕ್ಷಣ ಅವಳಿಗೆ ಸ್ಥಿರವಾಗಿ ನಿಲ್ಲಲಾಗಲಿಲ್ಲ. ಮದುವೆಯ ಚಿತ್ರಗಾರನ ಮುಂದಿರುವ ಸಮಸ್ಯೆ ಅಂದಿನಿಂದ ಇಂದಿನವರೆಗೆ ಇದೇ. ಸೆರೆ ಹಿಡಿಯಲೇಬೇಕಾದ ಗಳಿಗೆಯಲ್ಲೇ ಜನ ನಡುಗುತ್ತಾರೆ, ಅಳುತ್ತಾರೆ, ನಗುತ್ತಾರೆ, ಬೆಳಕೂ ಸಾಲದೆ ಬರುತ್ತದೆ.

ಪೆಟ್ಸ್‌ವಾಲನ ಲೆನ್ಸಿಗೆ ಇನ್ನೊಂದು ದೋಷವಿತ್ತು. ಚಿತ್ರದ ನಡುಭಾಗ ಸ್ಫುಟವಾಗಿರುತ್ತಿತ್ತು, ಅಂಚಿಗೆ ಹೋದಂತೆ ಮಸುಕಾಗುತ್ತಿತ್ತು. ಒಬ್ಬರ ಭಾವಚಿತ್ರಕ್ಕೆ ಇದರಿಂದ ತೊಂದರೆಯಿರಲಿಲ್ಲ, ಗುಂಪಿಗೆ ಮಾತ್ರ ತೊಂದರೆ. ಅಂಚಿನವರೆಗೂ ಒಂದೇ ಸಮನೆ ಸ್ಪಷ್ಟವಾಗಿರುವ ಲೆನ್ಸುಗಳು ಬಂದದ್ದು 1890ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯ ಪಾಲ್ ರುಡಾಲ್ಫ್ ಹೊಸ ಬಗೆಯ ಗಾಜುಗಳನ್ನು ಬಳಸಿ ರೂಪಿಸಿದ ಲೆನ್ಸುಗಳಿಂದ. 1902ರಲ್ಲಿ ಅದೇ ರುಡಾಲ್ಫ್ ರೂಪಿಸಿದ ನಾಲ್ಕು ಗಾಜಿನ ಟೆಸ್ಸಾರ್ ಲೆನ್ಸು ಮುಂದಿನ ಅನೇಕ ದಶಕಗಳ ಕಾಲ ಲೋಕದ ಎಲ್ಲ ಕಡೆ ಬಳಕೆಯಲ್ಲಿತ್ತು. ಮರದ ಪೆಟ್ಟಿಗೆ, ಮುಕ್ಕಾಲಿ, ಕರಿಬಟ್ಟೆಯೊಳಗೆ ತಲೆ ತೂರಿಸುವ ಫೋಟೋಗ್ರಾಫರ್, ಎದುರಿಗೆ ಜಮಖಾನ, ಕುರ್ಚಿಯ ಸಾಲು, ಅದರ ಹಿಂದೆ ಬೆಂಚಿನ ಮೇಲೆ ನಿಂತವರು: ಹಳೆಯ ಮನೆಗಳ ಗೋಡೆಯಲ್ಲಿರುವ ಮದುವೆಯ ಗುಂಪು ಚಿತ್ರಗಳು ಹೀಗೆ ತಯಾರಾದವು. ಅವುಗಳಲ್ಲಿ ಕಟ್ಟಕಡೆಯ ಹುಡುಗನ ಕಣ್ಣಿನ ಕಾಡಿಗೆ ಕೂಡ ಕಾಣುತ್ತದೆ. ಯಾರೂ ನಗುತ್ತಿರುವುದಿಲ್ಲ, ನಿಜ. ಆದರೆ ಯಾರೂ ಕಳೆದುಹೋಗಿಯೂ ಇಲ್ಲ.

ಮಂಟಪದೊಳಕ್ಕೆ ಬಂದ ಕ್ಯಾಮೆರಾ

ಆ ಚಿತ್ರಗಳು ಮದುವೆಯ ನಂತರದವು. ಮದುವೆಯೇ ಚಿತ್ರವಾಗಬೇಕಾದರೆ ಕ್ಯಾಮೆರಾ ಚಿಕ್ಕದಾಗಬೇಕಿತ್ತು, ಲೆನ್ಸು ಇನ್ನಷ್ಟು ಬೆಳಕು ಕುಡಿಯಬೇಕಿತ್ತು. 1924ರಲ್ಲಿ ಡ್ರೆಸ್ಡೆನ್ನಿನಲ್ಲಿ ಎಫ್ 2ರ ಲೆನ್ಸುಳ್ಳ ಎರ್ಮನಾಕ್ಸ್ ಎಂಬ ಪುಟ್ಟ ಕ್ಯಾಮೆರಾ ತಯಾರಾಯಿತು. ಎರಿಕ್ ಸಾಲೊಮನ್ ಎಂಬ ಜರ್ಮನ್ ಛಾಯಾಗ್ರಾಹಕ ಅದನ್ನು ಹಿಡಿದು ನ್ಯಾಯಾಲಯಗಳಿಗೂ ರಾಜಕೀಯ ನಾಯಕರ ಸಭೆಗಳಿಗೂ ಹೋಗಿ, ಮಿಂಚಿನ ದೀಪವಿಲ್ಲದೆ, ಎದುರಿನವರಿಗೆ ತಿಳಿಯದಂತೆ ಚಿತ್ರ ತೆಗೆದ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂತು. ಸಿನಿಮಾ ಫಿಲಂ ಮೇಲೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಚೌಕಟ್ಟು, ಅದಕ್ಕೆ 50 ಮಿ.ಮೀ. ಲೆನ್ಸು ಎಂಬ ರೂಢಿ ಅದರಿಂದ ಗಟ್ಟಿಯಾಯಿತು. ಇಂದಿನ ಡಿಜಿಟಲ್ ಕ್ಯಾಮೆರಾಗಳು ಲೆನ್ಸಿನ ಮಾತು ಬಂದಾಗ ಇಂದಿಗೂ ಅದೇ ಚೌಕಟ್ಟಿನ ಲೆಕ್ಕವನ್ನೇ ಹಿಡಿಯುತ್ತವೆ.

1935ರಲ್ಲಿ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕುಲಾ ಲೆನ್ಸಿನ ಮೇಲೆ ತೆಳುವಾದ ಲೇಪನ ಕೊಡುವ ವಿಧಾನವನ್ನು ಕಂಡುಹಿಡಿದ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಹೀಗೆ ಎಸೆದ ಬೆಳಕು ಲೆನ್ಸಿನೊಳಗೇ ಅಲೆದಾಡಿ ಚಿತ್ರವನ್ನು ಪೇಲವಗೊಳಿಸುತ್ತದೆ. ಹಿಂದೆ ಸೀರಿಯಲ್ ದೀಪಗಳ ಅಲಂಕಾರ, ಮುಂದೆ ಹೋಮದ ಬೆಂಕಿ ಇರುವ ಮಂಟಪದಲ್ಲಿ ಈ ಲೇಪನವಿಲ್ಲದೆ ಕೆಲಸ ನಡೆಯುವಂತಿಲ್ಲ. ಹತ್ತು ಹದಿನೈದು ಗಾಜುಗಳಿರುವ ಜೂಮ್ ಲೆನ್ಸುಗಳು ಸಾಧ್ಯವಾದದ್ದೂ ಲೇಪನದಿಂದಲೇ. ಸ್ಥಿರಚಿತ್ರದ ಎಸ್‌ಎಲ್‌ಆರ್ ಕ್ಯಾಮೆರಾಕ್ಕೆಂದು ತಯಾರಾದ ಮೊದಲ ಜೂಮ್, ಫೋಗ್ಟ್‌ಲೆಂಡರ್ ಸಂಸ್ಥೆಯ ಜೂಮರ್, ಬಂದದ್ದು 1959ರಲ್ಲಿ.

ಭಾರತದ ಮದುವೆ ಮನೆಗಳಲ್ಲಿ ಇದೆಲ್ಲ ನಿಧಾನವಾಗಿ ಬಂತು. 1970, 80ರ ದಶಕಗಳಲ್ಲಿ ಊರಿನ ಸ್ಟುಡಿಯೋದವರ ಹೆಗಲಲ್ಲಿ ತೂಗುತ್ತಿದ್ದ ಕ್ಯಾಮೆರಾಗಳಲ್ಲಿ ಯಾಶಿಕಾ ಮ್ಯಾಟ್ 124 ಜಿ ಒಂದು. ಮೇಲಿನಿಂದ ಬಗ್ಗಿ ನೋಡುವ ಈ ಜೋಡಿಗಣ್ಣಿನ ಕ್ಯಾಮೆರಾಕ್ಕೆ 80 ಮಿ.ಮೀ.ನ ಎಫ್ 3.5 ಲೆನ್ಸು ಕಾಯಂ, ಬದಲಿಸುವಂತಿಲ್ಲ. 120 ಅಳತೆಯ ಒಂದು ರೋಲಿಗೆ 12 ಚಿತ್ರ. ಲೆನ್ಸಿನ ಆಯ್ಕೆ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಫೋಟೋಗ್ರಾಫರ್ ತಾನೇ ಹಿಂದೆ ಮುಂದೆ ಸರಿಯಬೇಕಿತ್ತು. ಆ ಲೆನ್ಸಿನ ನೋಟ ಹೆಚ್ಚು ಅಗಲವಲ್ಲದ್ದರಿಂದ ಅವನು ಸಾಮಾನ್ಯವಾಗಿ ಎಂಟು ಹತ್ತು ಅಡಿ ದೂರದಲ್ಲೇ ನಿಲ್ಲುತ್ತಿದ್ದ. ಮುಹೂರ್ತಕ್ಕೆ ಎರಡೋ ಮೂರೋ ಚಿತ್ರ ತೆಗೆದು ಫಿಲಂ ಉಳಿಸಲೆಂದು ಪಕ್ಕಕ್ಕೆ ಸರಿಯುತ್ತಿದ್ದ. ಆ ಬಡತನವೇ ಒಂದು ಬಗೆಯ ಸಭ್ಯತೆಯನ್ನು ತಂದಿತ್ತು.

ಲೆನ್ಸಿನ ಎರಡು ಅಂಕಿಗಳು

ಯಾವುದೇ ಲೆನ್ಸಿನ ಮೇಲೆ ಮುಖ್ಯವಾಗಿ ಎರಡು ಅಂಕಿಗಳಿರುತ್ತವೆ. ಒಂದು ಸಂಗಮ ದೂರ, ಮಿಲಿಮೀಟರುಗಳಲ್ಲಿ. ಇದು ನೋಟದ ಅಗಲವನ್ನು ಹೇಳುತ್ತದೆ. ಅಂಕಿ ಸಣ್ಣದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ನೋಟ ಕಿರಿದು, ದೂರದ್ದು ಹತ್ತಿರ. ಇನ್ನೊಂದು ಎಫ್ ಸಂಖ್ಯೆ. ಇದು ಲೆನ್ಸು ಎಷ್ಟು ಬೆಳಕನ್ನು ಬಿಟ್ಟುಕೊಳ್ಳಬಲ್ಲದು ಎಂಬುದರ ಅಳತೆ. ಇಲ್ಲಿ ಲೆಕ್ಕ ತಿರುವುಮುರುವು. ಸಂಖ್ಯೆ ಸಣ್ಣದಾದಷ್ಟೂ ಬೆಳಕು ಹೆಚ್ಚು. ಎಫ್ 2.8ರ ಲೆನ್ಸು ಎಫ್ 5.6ರ ಲೆನ್ಸಿಗಿಂತ ನಾಲ್ಕು ಪಟ್ಟು ಬೆಳಕನ್ನು ಬಿಡುತ್ತದೆ. ಎಫ್ 1.4ರದ್ದು ಎಫ್ 2.8ಕ್ಕಿಂತ ಮತ್ತೆ ನಾಲ್ಕು ಪಟ್ಟು.

ಮೊದಲ ಅಂಕಿಯನ್ನು ಮಂಟಪಕ್ಕೆ ಹೊಂದಿಸಿ ನೋಡಬಹುದು. ವಧು, ವರ, ಅವರ ಪಕ್ಕ ಒಬ್ಬೊಬ್ಬರು ಹಿಡಿಸುವಂತೆ ಆರು ಅಡಿ ಅಗಲದ ಚಿತ್ರ ಬೇಕೆಂದು ಇಟ್ಟುಕೊಳ್ಳೋಣ. 24 ಮಿ.ಮೀ. ಲೆನ್ಸಿನಲ್ಲಿ ಇದನ್ನು ತೆಗೆಯಲು ಫೋಟೋಗ್ರಾಫರ್ ನಾಲ್ಕೇ ಅಡಿ ದೂರದಲ್ಲಿ ನಿಲ್ಲಬೇಕು. 35 ಮಿ.ಮೀ.ನಲ್ಲಿ ಸುಮಾರು ಆರು ಅಡಿ. 50ರಲ್ಲಿ ಎಂಟು ಅಡಿ ಚಿಲ್ಲರೆ. 85ರಲ್ಲಿ 14 ಅಡಿ. 200 ಮಿ.ಮೀ.ನಲ್ಲಿ 33 ಅಡಿ. ಚಿತ್ರದ ಅಗಲ ಎಲ್ಲದರಲ್ಲೂ ಒಂದೇ. ಆದರೆ 24ರವನು ವಧೂವರರ ತೊಡೆಯ ಮೇಲೆಯೇ ನಿಂತಿರುತ್ತಾನೆ. 200ರವನು ಎಂಟನೆಯ ಸಾಲಿನ ಕುರ್ಚಿಯ ಪಕ್ಕದಲ್ಲಿರುತ್ತಾನೆ. ಸೋದರತ್ತೆ ಮುಹೂರ್ತ ನೋಡುವುದು ಬಿಡುವುದು ಈ ಲೆಕ್ಕದ ಮೇಲೆ ನಿಂತಿದೆ.

ಹಾಗಾದರೆ ಎಲ್ಲರೂ ದೂರದಿಂದಲೇ ತೆಗೆಯಬಾರದೇಕೆ? ಅದೂ ಅಷ್ಟು ಸುಲಭವಲ್ಲ. ತಾಳಿ ಕಟ್ಟುವಾಗ ವಧೂವರರ ಸುತ್ತ ಪುರೋಹಿತರು, ಕಳಸಗಿತ್ತಿ, ಎರಡೂ ಕಡೆಯ ತಂದೆ ತಾಯಿ ನಿಂತಿರುತ್ತಾರೆ. ಸಭೆ ಎದ್ದು ನಿಂತು ಕೈ ಎತ್ತುತ್ತದೆ. ಎಂಟನೆಯ ಸಾಲಿನಿಂದ ಕಾಣುವುದು ಕೈಗಳ ಕಾಡು. ಜೊತೆಗೆ, ದೂರದ ಲೆನ್ಸಿನಲ್ಲಿ ಕೈಯ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ. 200 ಮಿ.ಮೀ. ಲೆನ್ಸನ್ನು ಆಸರೆಯಿಲ್ಲದೆ ಹಿಡಿಯುವುದಾದರೆ ಸೆಕೆಂಡಿನ 200ನೆಯ ಒಂದು ಭಾಗಕ್ಕಿಂತ ನಿಧಾನವಾಗಿ ತೆಗೆಯಬಾರದೆಂಬುದು ಹಳೆಯ ಅನುಭವದ ಮಾತು.

ಅನುಭವಸ್ಥರು ಇದಕ್ಕೆ ನಡುವಿನ ದಾರಿ ಹಿಡಿಯುತ್ತಾರೆ. ಮುಹೂರ್ತಕ್ಕೆ ಮೊದಲೇ ಮಂಟಪದ ಒಂದು ಮೂಲೆಯ ಕಂಬದ ಪಕ್ಕದಲ್ಲಿ, ಸಭೆಯ ನೋಟಕ್ಕೆ ಅಡ್ಡವಾಗದಂತೆ, ಜಾಗ ಗೊತ್ತುಮಾಡಿಕೊಳ್ಳುತ್ತಾರೆ. ಅಲ್ಲಿಂದ ದಂಪತಿಗಳಿಗೆ ಹತ್ತು ಹದಿನೈದು ಅಡಿ ದೂರ. 85 ಮಿ.ಮೀ. ಲೆನ್ಸು, ಇಲ್ಲವೇ 70ರಿಂದ 200ರವರೆಗಿನ ಜೂಮ್ ಆ ದೂರಕ್ಕೆ ಹೇಳಿ ಮಾಡಿಸಿದ್ದು. ತಲೆ ಬಗ್ಗಿಸಿದ ವಧು, ಗಂಟು ಹಾಕುವ ಕೈಗಳು, ಹಿಂದೆ ನಿಂತ ತಾಯಿಯ ಮುಖ ಒಂದೇ ಚೌಕಟ್ಟಿಗೆ ಬರುತ್ತವೆ. ಇಬ್ಬರು ಫೋಟೋಗ್ರಾಫರುಗಳಿದ್ದರೆ ಎರಡನೆಯವನು ಸಭೆಯ ಹಿಂಬದಿಯಿಂದ 24 ಅಥವಾ 35 ಮಿ.ಮೀ.ನಲ್ಲಿ ಇಡೀ ಮಂಟಪವನ್ನೂ ಗಾಳಿಯಲ್ಲಿ ಹಾರುವ ಅಕ್ಷತೆಯನ್ನೂ ಹಿಡಿಯಬಹುದು. ಅಗಲ ನೋಟದ ಲೆನ್ಸಿನ ನಿಜವಾದ ಕೆಲಸ ಅದು, ವಧೂವರರ ಮೂಗಿಗೆ ತಾಗಿಸುವುದಲ್ಲ.

ಅಂತರಪಟದ ಸಮಯದಲ್ಲಿ ಮಾತ್ರ ಲೆಕ್ಕ ಬೇರೆ. ತೆರೆಯ ಆಚೆ ಈಚೆ ಇಬ್ಬರೂ ಜೀರಿಗೆ ಬೆಲ್ಲ ಹಿಡಿದು ನಿಂತಿರುತ್ತಾರೆ. ಇಬ್ಬರ ಮುಖವೂ ಬೇಕೆಂದರೆ ತೆರೆಯ ಅಂಚಿಗೆ ನೇರವಾಗಿ ನಿಲ್ಲಬೇಕು, ಅಲ್ಲಿ ಐದಾರು ಅಡಿಗಿಂತ ಹೆಚ್ಚು ಜಾಗವಿರುವುದಿಲ್ಲ. ಇದಕ್ಕೆ 35 ಮಿ.ಮೀ. ಸರಿಯಾದ ಲೆನ್ಸು. ಆ ಜಾಗ ಸಾಮಾನ್ಯವಾಗಿ ಮಂಟಪದ ಹಿಂಬದಿಯಲ್ಲೇ ಸಿಗುವುದರಿಂದ ಸಭೆಗೂ ಅಡ್ಡಿಯಿಲ್ಲ.

ಬೆಳಕು, ಹೊಗೆ, ಅಕ್ಕಿ

ಎರಡನೆಯ ಅಂಕಿಯಾದ ಎಫ್ ಸಂಖ್ಯೆಯ ಮಹತ್ವ ಬೆಳಗಿನ ಜಾವದ ಮುಹೂರ್ತಗಳಲ್ಲಿ ತಿಳಿಯುತ್ತದೆ. ಕ್ಯಾಮೆರಾದ ಜೊತೆಗೇ ಸಿಗುವ ಅಗ್ಗದ ಜೂಮ್ ಲೆನ್ಸನ್ನು ಪೂರ್ತಿ ಚಾಚಿದರೆ ಅದರ ಎಫ್ ಸಂಖ್ಯೆ ಸಾಮಾನ್ಯವಾಗಿ 5.6ಕ್ಕೆ ಇಳಿಯುತ್ತದೆ. ಎಫ್ 2.8ರ ಲೆನ್ಸಿನಲ್ಲಿ ಸೆಕೆಂಡಿನ 125ನೆಯ ಒಂದು ಭಾಗದಲ್ಲಿ ಸಿಗುವ ಚಿತ್ರಕ್ಕೆ ಅಲ್ಲಿ 30ನೆಯ ಒಂದು ಭಾಗ ಬೇಕು. ಅಷ್ಟರೊಳಗೆ ತಾಳಿ ಕಟ್ಟುವ ಕೈ ಅಲುಗಿರುತ್ತದೆ. 1858ರಲ್ಲಿ ರಾಣಿಯ ಮುಖಕ್ಕೆ ಆದದ್ದೇ ಆ ಬೆರಳುಗಳಿಗೂ ಆಗುತ್ತದೆ.

ಫ್ಲಾಷ್ ಇದಕ್ಕೆ ಸುಲಭದ ಪರಿಹಾರ. ಆದರೆ ಹೋಮದ ಹೊಗೆ ಎದ್ದಾಗ ಎದುರಿನಿಂದ ಫ್ಲಾಷ್ ಹೊಡೆದರೆ ಬೆಳಕು ಹೊಗೆಗೇ ತಾಗಿ ಹಿಂದಿರುಗುತ್ತದೆ. ಚಿತ್ರದಲ್ಲಿ ವಧೂವರರ ಬದಲು ಬಿಳಿಯ ತೆರೆಯೊಂದು ಮೂಡುತ್ತದೆ. ಬೆಂಕಿಯ ಕೆಂಬೆಳಕು ಮುಖಗಳ ಮೇಲೆ ಆಡುವ ಸೊಗಸೂ ಅಳಿಸಿಹೋಗುತ್ತದೆ. ಲಾಜಾಹೋಮ, ಸಪ್ತಪದಿಗಳಿಗೆ ಎಫ್ 1.4 ಅಥವಾ 1.8ರ ಲೆನ್ಸುಗಳು ಒದಗುವುದು ಇಲ್ಲಿಯೇ. 50 ಮಿ.ಮೀ. ಎಫ್ 1.8 ಲೆನ್ಸು ಹೆಚ್ಚಿನ ಕ್ಯಾಮೆರಾ ಕಂಪನಿಗಳ ಪಟ್ಟಿಯಲ್ಲಿ ತೀರ ಅಗ್ಗದ ಲೆನ್ಸುಗಳಲ್ಲೊಂದು. ಹೊಸದಾಗಿ ವೃತ್ತಿಗೆ ಇಳಿದವನು ಮೊದಲು ಕೊಳ್ಳಬೇಕಾದದ್ದು ಅದನ್ನೇ.

ಆದರೆ ಈ ಲೆನ್ಸುಗಳನ್ನು ಪೂರ್ತಿ ತೆರೆದಾಗ ಇನ್ನೊಂದು ಅಪಾಯವಿದೆ. 85 ಮಿ.ಮೀ. ಲೆನ್ಸನ್ನು ಎಫ್ 1.8ರಲ್ಲಿಟ್ಟು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ವಧುವಿನ ಕಣ್ಣು ಸ್ಪಷ್ಟವಾದರೆ ಒಂದು ಗೇಣು ಹಿಂದೆ ಕುಳಿತ ವರ ಮಸುಕು. ಹಿನ್ನೆಲೆಯನ್ನು ಕರಗಿಸಿ ಮುಖವೊಂದನ್ನೇ ಎತ್ತಿ ತೋರಿಸುವ ಚಿತ್ರಗಳಿಗೆ ಇತ್ತೀಚಿನ ವರ್ಷಗಳಲ್ಲಿ ಬೇಡಿಕೆ ಹೆಚ್ಚು. ಅವು ಚೆಂದವೂ ಹೌದು. ಆದರೆ ಕರಗಿಹೋದ ಹಿನ್ನೆಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಅಪ್ಪ ಇದ್ದಿರಬಹುದು. ಆಲ್ಬಂ ಪೂರ್ತಿ ಅಂಥ ಚಿತ್ರಗಳಾದರೆ ಮದುವೆಗೆ ಇಬ್ಬರೇ ಬಂದಿದ್ದರೇನೋ ಎನ್ನಿಸುತ್ತದೆ.

ಡಿಜಿಟಲ್ ತಂತ್ರಜ್ಞಾನ ಈ ಬಿಗಿಯನ್ನು ಸಡಿಲಿಸಿದೆ. 2007ರಲ್ಲಿ ಬಂದ ನಿಕಾನ್ ಡಿ3ರಂಥ ಕ್ಯಾಮೆರಾಗಳ ನಂತರ, ಫಿಲಂ ಕಾಲದಲ್ಲಿ ಕನಸೂ ಕಾಣಲಾಗದ ಮಂದ ಬೆಳಕಿನಲ್ಲಿ ಚಿತ್ರ ತೆಗೆಯುವುದು ಸಾಧ್ಯವಾಯಿತು. ಈಗ ಎಫ್ 2.8ರ ಒಳ್ಳೆಯ ಜೂಮ್ ಇದ್ದರೆ ಮದುವೆಯ ಬಹುಪಾಲು ಕೆಲಸ ನಡೆಯುತ್ತದೆ. 24ರಿಂದ 70ರವರೆಗಿನದೊಂದು, 70ರಿಂದ 200ರವರೆಗಿನದೊಂದು ಎಂಬುದು ವೃತ್ತಿಯವರಲ್ಲಿ ಜಗತ್ತಿನಾದ್ಯಂತ ಇರುವ ರೂಢಿ. ಇವು ದುಬಾರಿ, ಭಾರವೂ ಹೆಚ್ಚು. ವರ್ಷಕ್ಕೆ ನಾಲ್ಕಾರು ಮದುವೆ ಒಪ್ಪಿಕೊಳ್ಳುವವರು ನಗರಗಳಲ್ಲಿ ಇವನ್ನು ದಿನದ ಬಾಡಿಗೆಗೆ ತರುವುದುಂಟು. ಚಿಕ್ಕ ಸಂವೇದಕದ ಕ್ಯಾಮೆರಾ ಇದ್ದವರು ಇನ್ನೊಂದು ಲೆಕ್ಕ ನೆನಪಿಡಬೇಕು. ಅದರಲ್ಲಿ 50 ಮಿ.ಮೀ. ಲೆನ್ಸಿನ ನೋಟ ದೊಡ್ಡ ಚೌಕಟ್ಟಿನ 75 ಮಿ.ಮೀ.ನಷ್ಟಕ್ಕೆ ಕಿರಿದಾಗುತ್ತದೆ.

ಲೆನ್ಸನ್ನು ಮಂಟಪದ ಬಳಿ ಬಿಚ್ಚಿ ಬದಲಿಸುವುದು ಬುದ್ಧಿವಂತಿಕೆಯಲ್ಲ. ಅರಿಸಿನದ ಪುಡಿ, ಅಕ್ಕಿಯ ನುಚ್ಚು, ಹೋಮದ ಬೂದಿ ಒಳಗೆ ಸೇರಿದರೆ ಸಂವೇದಕಕ್ಕೆ ಕೇಡು. ಎರಡು ಕ್ಯಾಮೆರಾಗಳಿಗೆ ಎರಡು ಲೆನ್ಸು ಹಾಕಿ ಹೆಗಲಿಗೇರಿಸುವುದು ಈ ಕಾರಣಕ್ಕೆ, ಠೀವಿಗಲ್ಲ. ಮುಂದಿನ ಗಾಜಿಗೆ ಮರೆ ಇದ್ದರೆ ಎದುರಿನ ದೀಪಗಳ ಝಳವೂ ಹಾರಿಬರುವ ಅಕ್ಷತೆಯೂ ತಡೆಯಲ್ಪಡುತ್ತವೆ.

ಸಾಲಿನ ಕೊನೆಯವರು

ಊಟದ ಪಂಕ್ತಿ ಏಳುವ ಮೊದಲು ಗುಂಪು ಚಿತ್ರದ ಗದ್ದಲ. ವೇದಿಕೆಯ ಮೇಲೆ ಹದಿನಾರು ಜನ ಒಂದೇ ಸಾಲಿನಲ್ಲಿ ನಿಂತರೆ ತಲಾ ಒಂದೂವರೆ ಅಡಿಯಂತೆ 24 ಅಡಿ ಅಗಲವಾಯಿತು. 50 ಮಿ.ಮೀ. ಲೆನ್ಸಿನಲ್ಲಿ ಇವರನ್ನು ಹಿಡಿಸಲು 33 ಅಡಿ ಹಿಂದೆ ಹೋಗಬೇಕು. ಅಲ್ಲಿ ಕುರ್ಚಿಗಳು, ಜನ. ಆದ್ದರಿಂದ ಫೋಟೋಗ್ರಾಫರ್ ನಿಂತಲ್ಲೇ ಲೆನ್ಸನ್ನು 24ಕ್ಕೆ ತಿರುಗಿಸುತ್ತಾನೆ. 16 ಅಡಿಯಲ್ಲೇ ಎಲ್ಲರೂ ಬಂದರು. ಕೆಲಸ ಮುಗಿಯಿತು.

ಮುಗಿಯಲಿಲ್ಲ. ಅಗಲ ನೋಟದ ಲೆನ್ಸು ಗೋಡೆ, ಕಂಬಗಳಂಥ ನೇರ ಗೆರೆಗಳನ್ನು ನೇರವಾಗಿಯೇ ಉಳಿಸಲು ಹೋಗಿ, ಅಂಚಿನಲ್ಲಿರುವ ಉರುಟಾದ ವಸ್ತುಗಳನ್ನು ಹೊರಕ್ಕೆ ಎಳೆಯುತ್ತದೆ. ಮನುಷ್ಯನ ತಲೆಯನ್ನು ಚೆಂಡೆಂದು ಭಾವಿಸಿ ಲೆಕ್ಕ ಹಾಕಿದರೆ, 50 ಮಿ.ಮೀ. ಲೆನ್ಸಿನ ಎಡ ಬಲ ಅಂಚಿನಲ್ಲಿ ಅದು ಸುಮಾರು ಶೇ 6ರಷ್ಟು ಅಗಲವಾಗುತ್ತದೆ. ಇದು ಕಣ್ಣಿಗೆ ತಿಳಿಯದು. 35ರಲ್ಲಿ ಶೇ 12ರಷ್ಟು. 24ರಲ್ಲಿ ಶೇ 25ರಷ್ಟು. ಅಂದರೆ ಕೊನೆಯಲ್ಲಿ ನಿಂತವರ ಮುಖಕ್ಕೆ ಕಾಲು ಭಾಗ ಹೆಚ್ಚು ಅಗಲ. ಲೆನ್ಸು ಎಷ್ಟೇ ದುಬಾರಿಯಾದರೂ ಇದು ತಪ್ಪದು, ಏಕೆಂದರೆ ಇದು ಗಾಜಿನ ದೋಷವಲ್ಲ, ರೇಖಾಗಣಿತದ ನಿಯಮ. ನೆಂಟರು ಮೊಬೈಲಿನಲ್ಲಿ ತೆಗೆಯುವ ಗುಂಪು ಚಿತ್ರಗಳಿಗೂ ಇದೇ ಗತಿ. ಹೆಚ್ಚಿನ ಮೊಬೈಲುಗಳ ಮುಖ್ಯ ಲೆನ್ಸಿನ ನೋಟ 24ರಿಂದ 26 ಮಿ.ಮೀ.ಗೆ ಸಮ.

ಸಾಲಿನ ಕೊನೆಯಲ್ಲಿ ನಿಲ್ಲುವವರು ಯಾರು? ನಡುವೆ ವಧೂವರರು, ಪಕ್ಕದಲ್ಲಿ ಬೀಗರು, ಅವರ ಪಕ್ಕ ಉದ್ಯೋಗ, ಅಂತಸ್ತು ಉಳ್ಳ ನೆಂಟರು. ಕರೆದರೂ ಮುಂದೆ ಬರಲು ಹಿಂಜರಿಯುವವರು ಕೊನೆಗೆ ಬಂದು ಸೇರುತ್ತಾರೆ. ಊರಿನಿಂದ ಬಂದ ಬಡ ಚಿಕ್ಕಪ್ಪ, ಅಡುಗೆಯ ಉಸ್ತುವಾರಿಯಿಂದ ಎದ್ದು ಬಂದ ಅತ್ತಿಗೆ, ಮಂಗಳಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಜೀವನವಿಡೀ ಹೇಳಿಸಿಕೊಂಡ, ಗಂಡನನ್ನು ಕಳೆದುಕೊಂಡ ಅಜ್ಜಿ. ಸಮಾಜ ಅಂಚಿಗೆ ತಳ್ಳಿದವರನ್ನು ಲೆನ್ಸು ಇನ್ನಷ್ಟು ಹೊರಕ್ಕೆಳೆದು ವಿಕಾರ ಮಾಡುತ್ತದೆ. ಮುಂದೊಂದು ದಿನ ಹಾರ ಹಾಕಲೆಂದು ಆ ಅಜ್ಜಿಯ ಮುಖವನ್ನು ಇದೇ ಚಿತ್ರದಿಂದ ಬಿಡಿಸಬೇಕಾದಾಗ ಮನೆಯವರಿಗೆ ಸಿಗುವುದು ಅವಳದಲ್ಲದ ಒಂದು ಮುಖ.

ಇದನ್ನು ತಪ್ಪಿಸುವ ಉಪಾಯ ಕರಿಬಟ್ಟೆಯ ಫೋಟೋಗ್ರಾಫರುಗಳಿಗೆ ಗೊತ್ತಿತ್ತು. ಒಂದು ಸಾಲಿನ ಬದಲು ಮೂರು ಸಾಲು: ಮುಂದೆ ಜಮಖಾನದ ಮೇಲೆ ಮಕ್ಕಳು, ನಡುವೆ ಕುರ್ಚಿಯಲ್ಲಿ ಹಿರಿಯರು, ಹಿಂದೆ ನಿಂತವರು. ಆಗ ಗುಂಪಿನ ಅಗಲ 12 ಅಡಿಗೆ ಇಳಿಯುತ್ತದೆ, 50 ಮಿ.ಮೀ. ಲೆನ್ಸಿಗೆ 17 ಅಡಿ ದೂರ ಸಾಕು. ಎಫ್ 8ಕ್ಕೆ ಕಿರಿದು ಮಾಡಿದರೆ ಮೂರು ಸಾಲುಗಳೂ ಸ್ಪಷ್ಟ. ವೇದಿಕೆಯ ಮೇಲೆ ಜಾಗವಿಲ್ಲದಿದ್ದರೆ ಮಂಟಪದ ಹೊರಗಿನ ನೆರಳಿದೆ. ಹತ್ತು ನಿಮಿಷ ಹೆಚ್ಚು ಬೇಕು, ಅಷ್ಟೆ. ವಯಸ್ಸಾದವರನ್ನು ಕೊನೆಗೆ ಬಿಡದೆ ಕುರ್ಚಿಯ ಸಾಲಿನ ನಡುವೆ ಕೂರಿಸಿದರೆ ಅರ್ಧ ಸಮಸ್ಯೆ ಲೆನ್ಸಿನವರೆಗೂ ಹೋಗುವುದಿಲ್ಲ.

ದೂರವೇ ಮರ್ಯಾದೆಯಾದಾಗ

ಮದುವೆಯ ಕೊನೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ. ಬೆಳಗಿನಿಂದ ಗಟ್ಟಿಯಾಗಿ ಓಡಾಡಿದ ತಾಯಿ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಡುವಾಗ ಒಡೆದುಹೋಗುತ್ತಾಳೆ. ಈ ಚಿತ್ರ ಬೇಡವೆನ್ನುವವರು ಯಾರೂ ಇಲ್ಲ, ಹತ್ತು ವರ್ಷಗಳ ನಂತರ ಆಲ್ಬಮ್ಮಿನಲ್ಲಿ ಕೈ ನಿಲ್ಲುವುದು ಇದರ ಮೇಲೆಯೇ. ಆದರೆ ಎರಡಡಿ ದೂರದಲ್ಲಿ ಕ್ಯಾಮೆರಾ ತಂದು ನಿಲ್ಲಿಸಿದ ಮರುಕ್ಷಣ ಆ ತಾಯಿ ಕಣ್ಣೊರೆಸಿಕೊಂಡು ಮುಖ ತಿರುಗಿಸುತ್ತಾಳೆ, ಇಲ್ಲವೇ ಕ್ಯಾಮೆರಾದತ್ತ ನೋಡಿ ನಗಲು ಯತ್ನಿಸುತ್ತಾಳೆ. ಹತ್ತಿರದಿಂದ ತೆಗೆದ ಮುಖದ ರೂಪವೂ ಕೆಡುತ್ತದೆ. ಮೂಗು ಕಿವಿಗಿಂತ ಕ್ಯಾಮೆರಾಕ್ಕೆ ಹತ್ತಿರವಿರುವುದರಿಂದ, ಅರ್ಧ ಮೀಟರಿನಿಂದ ತೆಗೆದಾಗ ಅದು ಇರುವುದಕ್ಕಿಂತ ದಪ್ಪಗೆ ಕಾಣುತ್ತದೆ. ಎರಡು ಮೀಟರಿನಾಚೆ ಹೋದರೆ ಆ ವ್ಯತ್ಯಾಸ ಕಣ್ಣಿಗೆ ಬೀಳದಷ್ಟು ಕಡಿಮೆ.

ಇಲ್ಲಿ 135 ಅಥವಾ 200 ಮಿ.ಮೀ. ಲೆನ್ಸು ಹಾಕಿಕೊಂಡು ಇಪ್ಪತ್ತು ಅಡಿ ಹಿಂದೆ, ಬಾಗಿಲ ಬಳಿ ನಿಲ್ಲುವವನು ಒಳ್ಳೆಯ ಫೋಟೋಗ್ರಾಫರ್. ಅವನು ಅಲ್ಲಿರುವುದು ತಾಯಿಗೆ ಮಗಳಿಗೆ ತಿಳಿಯುವುದಿಲ್ಲ. ಸಾಲೊಮನ್ ನ್ಯಾಯಾಲಯದಲ್ಲಿ ಮಾಡಿದ್ದನ್ನೇ ಅವನು ಕಲ್ಯಾಣ ಮಂಟಪದಲ್ಲಿ ಮಾಡುತ್ತಾನೆ, ಆದರೆ ಕದ್ದು ತೆಗೆಯುವ ಉದ್ದೇಶದಿಂದಲ್ಲ, ಆ ಇಬ್ಬರ ಗಳಿಗೆಯನ್ನು ಅವರಿಗೇ ಬಿಟ್ಟುಕೊಡುವ ಉದ್ದೇಶದಿಂದ.

ಲೆನ್ಸನ್ನು ಆರಿಸುವವನು ಫೋಟೋಗ್ರಾಫರನಾದರೂ ಅವನನ್ನು ಆರಿಸುವವರು ಮನೆಯವರು. ಎಷ್ಟು ಆಲ್ಬಂ, ಎಷ್ಟು ಹಾಳೆ, ಡ್ರೋನ್ ಉಂಟೇ ಎಂದು ವಿಚಾರಿಸುವವರು ಇನ್ನೂ ಮೂರು ಮಾತು ಕೇಳಬಹುದು. ಮುಹೂರ್ತದಲ್ಲಿ ಎಲ್ಲಿ ನಿಲ್ಲುತ್ತೀರಿ? ಗುಂಪು ಚಿತ್ರಕ್ಕೆ ಎಷ್ಟು ಹಿಂದೆ ಹೋಗುತ್ತೀರಿ? ಮನೆಯ ಹಿರಿಯರ ಒಬ್ಬೊಬ್ಬರ ಚಿತ್ರವನ್ನು, 85 ಮಿ.ಮೀ.ನಲ್ಲಿ, ಬೇರೆಯಾಗಿ ತೆಗೆದುಕೊಡುತ್ತೀರಾ? ಮೊದಲನೆಯ ಪ್ರಶ್ನೆಯಿಂದ ಸೋದರತ್ತೆಯ ಅಕ್ಷತೆ ವಧೂವರರ ತಲೆಗೆ ಬಿದ್ದೀತು. ಎರಡನೆಯದರಿಂದ ಕೊನೆಯಲ್ಲಿ ನಿಂತ ಚಿಕ್ಕಪ್ಪನ ಮುಖ ಅವನದೇ ಆಗಿ ಉಳಿದೀತು. ಮೂರನೆಯದಕ್ಕೆ ಐದು ನಿಮಿಷ ಸಾಕು. ಕಿಟಕಿಯ ಪಕ್ಕ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿದರೆ, ಮುಂದೆ ಯಾರೂ ಯಾವ ಗುಂಪಿನಿಂದಲೂ ಅವಳನ್ನು ಕತ್ತರಿಸಿ ತೆಗೆಯಬೇಕಾಗುವುದಿಲ್ಲ.